ಕಿಲ್‌ಫೆನೋರಾದ ಶಿಲುಬೆ ಸಮಾಧಿ ಕಲ್ಲಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯನ್ನು ಕುರಿತು ಇತ್ತೀಚೆಗೆ ಬಂದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಮೋಹರ್ ಕಡಲಬಂಡೆಗಳ ವರ್ಣನೆ ಸೊಗಸಾಗಿತ್ತು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದೇ ಲೇಖನ ಕ್ಲೇರ್ ಕೌಂಟಿಯ ಕಿಲ್‌ಫೆನೋರಾ ಎಂಬ ಹಳ್ಳಿಯನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿ, ಬಸ್ಸು ಚಹಾಕ್ಕೆ ನಿಲ್ಲುವ ಜಾಗವೆಂದು ಬದಿಗೆ ಸರಿಸಿತು. ಜೊತೆಗೆ ಮುದ್ರಿಸಿದ ಕೆತ್ತನೆಯ ಶಿಲುಬೆಯ ಚಿತ್ರದ ಕೆಳಗೆ ‘ಹಳೆಯ ಸಮಾಧಿ ಕಲ್ಲು’ ಎಂದು ಬರೆಯಲಾಗಿತ್ತು. ಇಂಥ ಕಲ್ಲುಗಳೆಲ್ಲ ಡಬ್ಲಿನ್ನಿನ ವಸ್ತುಸಂಗ್ರಹಾಲಯ ಸೇರಿದರೆ ಪ್ರವಾಸಿಗಳಿಗೆ ಒಂದೇ ಕಡೆ ನೋಡಲು ಅನುಕೂಲವಾದೀತು ಎಂಬ ಸಲಹೆಯೂ ಅದರಲ್ಲಿತ್ತು. ಚಿತ್ರದ ಅಡಿಬರಹ ಸಣ್ಣ ತಪ್ಪು, ಅದನ್ನು ತಿದ್ದಬಹುದು. ಸಲಹೆ ಮಾತ್ರ ಅಷ್ಟು ಸಣ್ಣದಲ್ಲ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುವುದನ್ನು ಮನ್ನಿಸಬೇಕು.

ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನೂ ಮೊದಲ ಸಲ ಆ ಊರನ್ನು ಹಾಗೆಯೇ ನೋಡಿದವನು. ಗಾಲ್ವೇ ನಗರದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಒಂದು ದಿನದ ಪ್ರವಾಸದ ಬಸ್ಸು ನಮ್ಮನ್ನು ಕಿಲ್‌ಫೆನೋರಾದಲ್ಲಿ ಇಳಿಸಿ ಇಪ್ಪತ್ತು ನಿಮಿಷ ಕೊಟ್ಟಿತು. ಅದರಲ್ಲಿ ಹತ್ತು ನಿಮಿಷ ಶೌಚಾಲಯದ ಸಾಲಿನಲ್ಲಿ ಕಳೆಯಿತು. ಉಳಿದ ಹತ್ತು ನಿಮಿಷದಲ್ಲಿ ಅರ್ಧ ಸೂರಿಲ್ಲದ ಒಂದು ಇಗರ್ಜಿ, ಅದರ ಸುತ್ತ ಒಂದರ ಮೈಮೇಲೊಂದು ವಾಲಿದ ಸಮಾಧಿ ಕಲ್ಲುಗಳು, ಗಾಜಿನ ಛಾವಣಿಯ ಕೆಳಗೆ ಬೂದುಬಣ್ಣದ ಎಂಥದೋ ಕಂಬ, ಇಷ್ಟು ಕಂಡಿತು. ಬಸ್ಸು ಹೊರಟಾಗ ನನಗೂ ಬೇಸರವೇನೂ ಆಗಲಿಲ್ಲ. ಆ ಕಂಬದ ಮೇಲೆ ಏನಿತ್ತು ಎಂಬುದು ಮನೆಗೆ ಬಂದು ಫೋನಿನಲ್ಲಿ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದಾಗಲೇ ತಿಳಿದದ್ದು. ಮುಂದಿನ ವರ್ಷ ಮತ್ತೆ ಹೋದಾಗ ಮಗಳ ಕಾರಿನಲ್ಲಿ ಹೋಗಿ, ಮೂರು ದಿನ ಅದೇ ಸುತ್ತಿನಲ್ಲಿ ಉಳಿದೆ. ಮುಂದೆ ಬರೆಯುವುದೆಲ್ಲ ಆ ಮೂರು ದಿನಗಳದ್ದು.

ಕಿಲ್‌ಫೆನೋರಾ ಕೆಲವೇ ನೂರು ಜನರ ಊರು. ಒಂದು ಬೀದಿ, ಎರಡು ಮೂರು ಪಬ್ಬು, ಬರೆನ್ ಪ್ರದೇಶದ ಪರಿಚಯ ಮಾಡಿಕೊಡುವ ಒಂದು ಕೇಂದ್ರ, ಮತ್ತು 1909ರಲ್ಲಿ ಹುಟ್ಟಿ ಇಂದಿಗೂ ನುಡಿಸುತ್ತಿರುವ ಕೇಲಿ (ಐರಿಷ್ ಜಾನಪದ ಕುಣಿತದ ಕೂಟ) ವಾದ್ಯವೃಂದದ ಹೆಸರು. ಊರಿನ ಹೆಸರಿನಲ್ಲಿರುವ ‘ಕಿಲ್’ ಎಂದರೆ ಐರಿಷ್ ಭಾಷೆಯಲ್ಲಿ ಇಗರ್ಜಿ. ಆ ಸೀಮೆಯ ನಕಾಶೆಯನ್ನು ಹರಡಿಕೊಂಡು ಕೂತರೆ ಕಿಲ್ ಎಂದು ಶುರುವಾಗುವ ಊರುಗಳು ಬೆರಳೆಣಿಕೆಗೆ ಸಿಗುವುದಿಲ್ಲ, ಮತ್ತು ಅವುಗಳಲ್ಲಿ ಬಹುಪಾಲು ಊರುಗಳಲ್ಲಿ ಹುಲ್ಲು ಬೆಳೆದ ಒಂದು ಹಳೆಯ ಗೋಡೆಯಾದರೂ ಉಳಿದಿರುತ್ತದೆ. ಊರಿನ ಉತ್ತರಕ್ಕೆ ಬರೆನ್ ಆರಂಭವಾಗುತ್ತದೆ. ಮಣ್ಣು ಕೊಚ್ಚಿಹೋಗಿ ಸುಣ್ಣಕಲ್ಲಿನ ಹಾಸು ಮೈಲಿಗಟ್ಟಲೆ ಬರಿಮೈಯಾಗಿ ಬಿದ್ದಿರುವ, ಹಾಸುಗಳ ನಡುವಿನ ಸೀಳುಗಳಲ್ಲಿ ಮಾತ್ರ ಹೂವು ಹುಲ್ಲು ತಲೆಯೆತ್ತುವ ನೆಲ ಅದು. ಆ ಹೆಸರಿಗೂ ಕಲ್ಲುನೆಲವೆಂದೇ ಅರ್ಥ. ಹೊಲದ ಬೇಲಿ, ದನದ ಕೊಟ್ಟಿಗೆ, ಇಗರ್ಜಿ, ಶಿಲುಬೆ ಎಲ್ಲವೂ ಅದೇ ಕಲ್ಲಿನಿಂದ ಆದವು. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಓದುಗರನ್ನು ಕೋರುತ್ತೇನೆ, ಏಕೆಂದರೆ ನನ್ನ ವಾದ ನಿಂತಿರುವುದು ಅದರ ಮೇಲೆಯೇ.

ಈಗ ಅಡಿಬರಹದ ವಿಷಯ. ನೀವು ಮುದ್ರಿಸಿದ ಚಿತ್ರದಲ್ಲಿರುವುದು ಡೂರ್ಟಿ ಶಿಲುಬೆ, 12ನೆಯ ಶತಮಾನದ್ದು. ಐರ್ಲೆಂಡಿನಲ್ಲಿ ಇದನ್ನು ಹೈ ಕ್ರಾಸ್ ಎನ್ನುತ್ತಾರೆ. ಈ ಹೈ ಕ್ರಾಸ್‌ಗಳು ಯಾರ ಗೋರಿಯ ಗುರುತೂ ಅಲ್ಲ. ಮಠದ ಆವರಣದ ಪವಿತ್ರ ನೆಲವನ್ನು ತೋರಿಸಲು, ಅವುಗಳ ಬುಡದಲ್ಲಿ ಪ್ರಾರ್ಥಿಸಲು, ಅಕ್ಷರ ಬಾರದವರಿಗೆ ಬೈಬಲ್ಲಿನ ಕತೆಗಳನ್ನು ಬೆರಳಿಟ್ಟು ಹೇಳಲು ಅವುಗಳನ್ನು ನಿಲ್ಲಿಸಿದರೆಂದು ತಿಳಿದವರು ಹೇಳುತ್ತಾರೆ. ಪೂರ್ವ ಭಾಗದ ಮೊನಾಸ್ಟರ್‌ಬಾಯ್ಸ್‌ನಲ್ಲಿರುವ ಮುಯಿರೆಡಾಕ್ ಶಿಲುಬೆಯಂಥ ಹತ್ತನೆಯ ಶತಮಾನದ ಸುಮಾರಿನವು ಕಂಬವನ್ನು ಚೌಕಗಳಾಗಿ ಹೋಳುಮಾಡಿ, ಒಂದೊಂದು ಚೌಕದಲ್ಲಿ ಒಂದೊಂದು ಕತೆಯನ್ನು ಇಡುತ್ತವೆ. ವೀರಗಲ್ಲನ್ನು ಹಂತಹಂತವಾಗಿ ಓದಿ ಅಭ್ಯಾಸವಿರುವ ಕಣ್ಣಿಗೆ ಅದೇನೂ ಹೊಸದಲ್ಲ. 12ನೆಯ ಶತಮಾನಕ್ಕೆ ಬಂದಾಗ ಈ ಪದ್ಧತಿ ಬದಲಾಗುತ್ತದೆ. ಚೌಕಗಳು ಮಾಯವಾಗಿ, ಒಂದು ಮುಖದಲ್ಲಿ ಶಿಲುಬೆಗೇರಿದ ಕ್ರಿಸ್ತನೋ ಒಬ್ಬ ಬಿಷಪ್ಪನೋ ಇಡೀ ಕಲ್ಲನ್ನು ಆಕ್ರಮಿಸಿ, ನೋಡುವವನತ್ತ ಮೈಯೆಲ್ಲ ಉಬ್ಬಿಕೊಂಡು ನಿಲ್ಲುತ್ತಾನೆ.

ಡೂರ್ಟಿ ಶಿಲುಬೆಯ ಒಂದು ಮುಖದಲ್ಲಿರುವವನು ಅಂಥ ಬಿಷಪ್. ತಲೆಯ ಮೇಲೆ ಚೂಪಾದ ಟೋಪಿ, ಒಂದು ಕೈಯಲ್ಲಿ ಸುರುಳಿ ತುದಿಯ ದಂಡ, ಇನ್ನೊಂದು ಕೈ ಆಶೀರ್ವಾದಕ್ಕೆ ಎತ್ತಿದ ಭಂಗಿಯಲ್ಲಿ. ಅವನ ಪಾದದ ಕೆಳಗೆ ತೋಳಿಗೆ ತೋಳು ಸೇರಿಸಿಕೊಂಡ ಇಬ್ಬರು ಚಿಕ್ಕವರು. ಒಬ್ಬನ ದಂಡದ ತುದಿ ಬಾಗಿದೆ, ಇನ್ನೊಬ್ಬನದು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿದೆ. ಅವರಿಬ್ಬರ ದಂಡಗಳೂ ಕೆಳಗಿರುವ ಒಂದು ದೊಡ್ಡ ಹಕ್ಕಿಯತ್ತ ಇಳಿದಿವೆ. ಆ ಹಕ್ಕಿಯ ಉಗುರುಗಳಲ್ಲಿ ಮನುಷ್ಯರ ತಲೆಗಳು ಸಿಕ್ಕಿಕೊಂಡಿವೆ. ಟಿ ಆಕಾರದ ದಂಡ ಮರುಭೂಮಿಯ ಸಂತ ಆಂಟನಿಯ ಗುರುತಾಗಿರುವುದರಿಂದ ಅವರಲ್ಲೊಬ್ಬ ಅವನೇ ಇರಬೇಕೆಂದು ಕೆಲವರು ಊಹಿಸುತ್ತಾರೆ. ಕಿಲ್‌ಫೆನೋರಾಕ್ಕೆ ಬಿಷಪ್ ಪೀಠ ದೊರೆತ ಸಂತೋಷದಲ್ಲಿ ಕೆತ್ತಿಸಿದ್ದೆಂದು ಇನ್ನು ಕೆಲವರ ವಾದ. 1111ರ ಧರ್ಮಸಭೆಯಲ್ಲಿ ಈ ಊರಿಗೆ ಸ್ವತಂತ್ರ ಪೀಠ ಸಿಕ್ಕಿರಲಿಲ್ಲ, 1152ರಲ್ಲಿ ಕೆಲ್ಸ್‌ನಲ್ಲಿ ಸೇರಿದ ಸಭೆಯಲ್ಲಿ ಸಿಕ್ಕಿತು. ಸಣ್ಣ ಊರು ದೊಡ್ಡ ಮರ್ಯಾದೆ ಬಂದಾಗ ಅದನ್ನು ಕಲ್ಲಿನಲ್ಲಿ ಬರೆಯಿಸಿಟ್ಟಿತು ಎಂಬ ಈ ಎರಡನೆಯ ವಿವರಣೆಯೇ ನನಗೆ ಹೆಚ್ಚು ಹಿಡಿಸಿತು. ಆ ಬಿಷಪ್ಪನ ಮುಖದಲ್ಲಿ ಸಂತನ ಶಾಂತಿಗಿಂತ ಅಧಿಕಾರ ವಹಿಸಿಕೊಂಡವನ ಬಿಗುವೇ ಹೆಚ್ಚಾಗಿ ಕಾಣುತ್ತದೆ.

ಇದೆಲ್ಲ ಮೊದಲ ಸಲ ಏಕೆ ಕಾಣಲಿಲ್ಲ? ಕಾರಣ ಬೆಳಕು. ಗಾಜಿನ ಛಾವಣಿಯಿಂದ ನಡು ಮಧ್ಯಾಹ್ನ ನೇರವಾಗಿ ಇಳಿಯುವ ಬೆಳಕಿನಲ್ಲಿ, ಒಂಬೈನೂರು ವರ್ಷದ ಸವೆತಕ್ಕೆ ಸಿಕ್ಕಿದ ಕೆತ್ತನೆ ಒಂದೇ ಬೂದುಬಣ್ಣದ ಚಪ್ಪಟೆ ಮೈಯಾಗುತ್ತದೆ. ಎರಡನೆಯ ಸಲ ಮಗಳು ಫೋನಿನ ದೀಪವನ್ನು ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿದಂತೆ, ಆದರೆ ಮುಟ್ಟಿಸದೆ, ಪಕ್ಕದಿಂದ ಹಿಡಿದಳು. ಹಕ್ಕಿಯ ರೆಕ್ಕೆ ಎದ್ದು ಬಂತು. ದೀಪವನ್ನು ಒಂದು ಗೇಣು ಕೆಳಗೆ ಸರಿಸಿದಾಗ ಉಗುರು, ಉಗುರಿನ ನಡುವೆ ಒಂದು ಗದ್ದ, ಆಮೇಲೆ ಮೂಗು. ದೀಪವನ್ನು ಎದುರಿಗೆ ತಂದೊಡನೆ ಎಲ್ಲವೂ ಮತ್ತೆ ಕಲ್ಲಿನೊಳಗೆ ಇಂಗಿಹೋದವು. ಹೀಗೆ ನಾವಿಬ್ಬರೂ ಒಂದು ಗಂಟೆ ಆ ಕಲ್ಲಿನ ಎರಡು ಮುಖಗಳ ಸುತ್ತ ತಿರುಗಿದೆವು. ಹಿಂದಿನ ಮುಖದಲ್ಲಿ ಶಿಲುಬೆಗೇರಿದ ಕ್ರಿಸ್ತ, ಅದರ ಕೆಳಗೆ ಹಗ್ಗ ಹೊಸೆದಂಥ ಹೆಣಿಗೆ, ತೀರ ಕೆಳಗೆ ಪ್ರಾಣಿಯೊಂದರ ಮೇಲೆ ಕೂತು ಹೊರಟ ಸವಾರ. ಕ್ರಿಸ್ತ ಜೆರುಸಲೇಮನ್ನು ಪ್ರವೇಶಿಸುವ ದೃಶ್ಯ ಅದು ಎನ್ನುವವರಿದ್ದಾರೆ. ಹೆಣಿಗೆಯ ಒಂದು ಎಳೆಯನ್ನು ಬೆರಳನ್ನು ಗಾಳಿಯಲ್ಲಿಯೇ ಆಡಿಸುತ್ತ ಹಿಂಬಾಲಿಸಲು ಹೊರಟ ನಾನು ಮೂರು ಸಲ ದಾರಿ ತಪ್ಪಿದೆ. ಕೆತ್ತಿದವನು ತಪ್ಪಿರಲಿಲ್ಲ.

ಇನ್ನು ‘ಸಮಾಧಿ ಕಲ್ಲು’ ಎಂದು ಬರೆದ ಲೇಖಕರ ಪರವಾಗಿಯೂ ಒಂದು ಮಾತು ಹೇಳಬೇಕು. ಈ ಶಿಲುಬೆ ಯಾವಾಗಲೋ ಮುರಿದು ಎರಡು ತುಂಡಾಗಿತ್ತು. ತಲೆಯ ಭಾಗ ಒಂದು ಕಡೆ ಬಿದ್ದಿದ್ದರೆ, ಕಾಂಡದ ಭಾಗವನ್ನು ಆ ಊರಿನ ಡೂರ್ಟಿ ಮನೆತನದವರು ತಮ್ಮ ಹಿರಿಯರ ಗೋರಿಗೆ ಕಲ್ಲಾಗಿ ಬಹುಕಾಲ ಬಳಸಿಕೊಂಡಿದ್ದರು. ಶಿಲುಬೆಗೆ ಅವರ ಹೆಸರು ಬಂದದ್ದು ಹೀಗೆ. ಕಳೆದ ಶತಮಾನದಲ್ಲಿ ಎರಡೂ ತುಂಡುಗಳು ಒಂದೇ ಶಿಲುಬೆಯವೆಂದು ತಿಳಿದು ಮತ್ತೆ ಜೋಡಿಸಿದರು. ಹಾಗಾಗಿ ನಿಮ್ಮ ಅಡಿಬರಹ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಅದು ಆ ಕಲ್ಲಿನ ಆಯುಷ್ಯದ ನಡುವಿನ ಒಂದು ಅಧ್ಯಾಯವನ್ನು ಇಡೀ ಕತೆಯೆಂದು ತಿಳಿದುಕೊಂಡಿದೆ, ಅಷ್ಟೆ. ಆ ಮನೆತನವನ್ನು ದೂರಲೂ ನನಗೆ ಮನಸ್ಸಿಲ್ಲ. ಅವರು ಗೋರಿಯ ಮೇಲೆ ಇಟ್ಟುಕೊಳ್ಳದೆ ಹೋಗಿದ್ದರೆ ಆ ಕಾಂಡ ಯಾವುದಾದರೂ ಹೊಲದ ಬೇಲಿಯೊಳಗೆ ಸೇರಿಹೋಗುತ್ತಿತ್ತೇನೋ.

ಇಗರ್ಜಿಯನ್ನು ಕುರಿತು. ಸಂತ ಫಾಕ್ನನ್ ಎಂಬವರ ಹೆಸರಿನಲ್ಲಿ ಆರನೆಯ ಶತಮಾನದಲ್ಲಿ ಇಲ್ಲೊಂದು ಮಠವಿತ್ತೆಂದು ಸಂಪ್ರದಾಯ ಹೇಳುತ್ತದೆ. 1055ರಲ್ಲಿ ಓಬ್ರಿಯನ್ ಮನೆತನದವನೊಬ್ಬ ಅದಕ್ಕೆ ಬೆಂಕಿ ಹಾಕಿದ. ಈಗ ನಿಂತಿರುವ ಕಟ್ಟಡದ ಮುಖ್ಯ ಭಾಗಗಳು ಸುಮಾರು 1200ರವು. ಪಶ್ಚಿಮದ ಅರ್ಧಕ್ಕೆ ಛಾವಣಿಯಿದ್ದು, ಪ್ರೊಟೆಸ್ಟೆಂಟ್ ಪಂಥವಾದ ಚರ್ಚ್ ಆಫ್ ಐರ್ಲೆಂಡಿನವರು ಅದನ್ನು ಆರಾಧನೆಗೆ ಇಟ್ಟುಕೊಂಡಿದ್ದಾರೆ. ಬಲಿಪೀಠವಿದ್ದ ಪೂರ್ವದ ಅರ್ಧ ಆಕಾಶಕ್ಕೆ ತೆರೆದಿದೆ. ಅಲ್ಲಿನ ಮೂರು ಸೀಳಿನ ಎತ್ತರದ ಕಿಟಕಿಯ ಎರಡೂ ಪಕ್ಕದ ಗೋಡೆಗೆ ಒಂದೊಂದು ಆಳೆತ್ತರದ ಕೆತ್ತನೆಯಿದೆ. ಒಬ್ಬ ಟೋಪಿ ತೊಟ್ಟು ಆಶೀರ್ವದಿಸುತ್ತಿರುವ ಬಿಷಪ್, ಇನ್ನೊಬ್ಬ ಬರಿದಲೆಯಲ್ಲಿ ಪುಸ್ತಕ ಹಿಡಿದ ಪಾದ್ರಿ. ಎರಡೂ ಉಬ್ಬುಶಿಲ್ಪವಾಗಿ ಅಷ್ಟೇನೂ ನುರಿತ ಕೈಯವಲ್ಲ. ತಲೆ ದೊಡ್ಡದು, ಬಟ್ಟೆಯ ನೆರಿಗೆ ಗೀಚಿದಂತಿದೆ. ಆದರೆ ಕತ್ತೆತ್ತಿ ಕಿಟಕಿಯ ಕಂಬದ ತಲೆಯನ್ನು ನೋಡಿದರೆ ಬೇರೆಯೇ ಕೈ ಕಾಣಿಸುತ್ತದೆ. ಎಲೆಬಳ್ಳಿ ಇರಬೇಕಾದ ಜಾಗದಲ್ಲಿ ಪುಟ್ಟ ಪುಟ್ಟ ಪಾದ್ರಿಗಳ ತಲೆಗಳು ಒತ್ತೊತ್ತಾಗಿ, ಗಾಯನಕ್ಕೆ ಸೇರಿದ ಹುಡುಗರಂತೆ ಕೆಳಗೆ ಬಗ್ಗಿ ನೋಡುತ್ತಿವೆ. ಕೆಳಗೆ ನಿಂತ ಭಕ್ತನಿಗೆ ಅವು ಕಾಣುತ್ತಿದ್ದವೋ ಇಲ್ಲವೋ, ಕೆತ್ತಿದವನಿಗೆ ಅದು ಮುಖ್ಯವಾಗಿರಲಿಲ್ಲ.

ಈ ಊರಿಗೆ ಬಿಷಪ್ ಯಾರು ಎಂದು ಕೇಳಿದರೆ ಊರಿನವರು ನಗುತ್ತ ಪೋಪ್ ಎನ್ನುತ್ತಾರೆ. ತಮಾಷೆಯಲ್ಲ. ಇಲ್ಲಿನ ಕ್ಯಾಥೊಲಿಕ್ ಪೀಠ ತೀರ ಸಣ್ಣದಾಗಿ ಸ್ವಂತ ಬಿಷಪ್ಪನನ್ನು ಸಾಕಲಾರದೆ 18ನೆಯ ಶತಮಾನದಲ್ಲಿ ನೆರೆಯ ಪೀಠದೊಡನೆ ಸೇರಿತು. 1883ರಿಂದ ಗಾಲ್ವೇಯ ಬಿಷಪ್ ಇದರ ಆಡಳಿತವನ್ನು ಪೋಪರ ಪರವಾಗಿ ಮಾತ್ರ ನೋಡಿಕೊಂಡು ಬಂದಿದ್ದರಿಂದ, ಕಿಲ್‌ಫೆನೋರಾದ ಬಿಷಪ್ ರೋಮಿನಲ್ಲಿದ್ದಾರೆ ಎಂಬ ಮಾತು ನಿಂತುಬಿಟ್ಟಿತು. ಚಹಾಕ್ಕೆ ನಿಲ್ಲುವ ಊರಿನ ಘನತೆ ಇಷ್ಟಿದೆ ಎಂದು ನಿಮ್ಮ ಲೇಖಕರಿಗೆ ತಿಳಿಸಲು ಇದನ್ನು ಬರೆದೆ.

ಇನ್ನು ವಸ್ತುಸಂಗ್ರಹಾಲಯದ ಸಲಹೆಗೆ ಬರುತ್ತೇನೆ. ಕಲ್ಲನ್ನು ಅದು ನಿಂತ ಜಾಗದಿಂದ ಎತ್ತಿ ಬೇರೆಡೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಕಿಲ್‌ಫೆನೋರಾದಲ್ಲಿಯೇ ಅದು ಆಗಿಹೋಗಿದೆ. ಹಿಂದೆ ಈ ಊರಿನಲ್ಲಿ ಏಳು ಶಿಲುಬೆಗಳಿದ್ದವೆಂದು ಹೇಳುವುದುಂಟು; ಶಿಲುಬೆಗಳ ನಗರ ಎಂಬ ಬಿರುದೂ ಅದರಿಂದಲೇ ಬಂದದ್ದು. ಅವುಗಳಲ್ಲಿ ಒಂದನ್ನು 1821ರಲ್ಲಿ ಚರ್ಚ್ ಆಫ್ ಐರ್ಲೆಂಡಿನ ಆಗಿನ ಬಿಷಪ್ ರಿಚರ್ಡ್ ಮ್ಯಾಂಟ್ ಎಂಬವರು ಶಾನನ್ ನದಿಯ ದಂಡೆಯ ಕಿಲ್ಲಲೂ ಊರಿಗೆ ಸಾಗಿಸಿದರು. ಸದುದ್ದೇಶದಿಂದಲೇ ಇರಬೇಕು. ಈಗ ಅದು ಕಿಲ್ಲಲೂ ಕೆಥೆಡ್ರಲ್ಲಿನ ಒಳಗೆ, ಮಳೆ ತಾಗದ ಮೂಲೆಯಲ್ಲಿ, ಕ್ಷೇಮವಾಗಿದೆ. ನಾನು ಅಲ್ಲಿಗೂ ಹೋಗಿ ನೋಡಿದೆ. ಕೆತ್ತನೆ ಚೆನ್ನಾಗಿ ಉಳಿದಿದೆ. ಆದರೆ ಅದರ ಎದುರು ನಿಂತಾಗ, ಇದು ಯಾವ ದಿಕ್ಕಿಗೆ ಮುಖ ಮಾಡಿತ್ತು, ಇದರಿಂದ ಮುಂದಿನ ಶಿಲುಬೆ ಎಷ್ಟು ಹೆಜ್ಜೆ ದೂರ, ಮಠದ ಎಲ್ಲೆ ಎಲ್ಲಿ ತಿರುಗುತ್ತಿತ್ತು ಎಂದು ಕೇಳಿದರೆ ಉತ್ತರ ಕೊಡಲು ಸುತ್ತ ಏನೂ ಇಲ್ಲ. ಕಲ್ಲು ಉಳಿದು ವಿಳಾಸ ಕಳೆದುಹೋಯಿತು.

ಇದಕ್ಕೆ ಎದುರಾಗಿ ಕಿಲ್‌ಫೆನೋರಾದ ಪಶ್ಚಿಮ ಶಿಲುಬೆಯನ್ನು ನೋಡಬೇಕು. ಇಗರ್ಜಿಯಿಂದ ಸುಮಾರು ನೂರು ಮೀಟರ್ ಆಚೆ, ದನ ಮೇಯುವ ಹೊಲದಲ್ಲಿ ಅದು ಒಂಟಿಯಾಗಿ ನಿಂತಿದೆ. ನಾಲ್ಕು ಮೀಟರಿಗೂ ಹೆಚ್ಚು ಎತ್ತರ. ಆದರೆ ಅಗಲಕ್ಕೆ ಹೋಲಿಸಿದರೆ ದಪ್ಪ ಎಷ್ಟು ಕಡಿಮೆಯೆಂದರೆ, ಪಕ್ಕದಿಂದ ನೋಡಿದಾಗ ನೆಲಕ್ಕೆ ನೆಟ್ಟ ಹಲಗೆಯಂತೆ ಕಾಣುತ್ತದೆ. ಪೂರ್ವದ ಮುಖದಲ್ಲಿ ತೋಳು ಚಾಚಿದ ಕ್ರಿಸ್ತನಿದ್ದಾನೆ. ಅವನ ಕೆಳಗಿನಿಂದ ಹಗ್ಗದಂಥ ಎರಡು ಉಬ್ಬುಗೆರೆಗಳು ಕಾಂಡದುದ್ದಕ್ಕೂ ಇಳಿದು, ಬುಡದ ಹತ್ತಿರ ಒಂದು ತ್ರಿಕೋನದ ಎರಡು ಭುಜಗಳಾಗಿ ಕವಲೊಡೆಯುತ್ತವೆ. ತ್ರಿಕೋನದೊಳಗೆ ಏನೂ ಇಲ್ಲ. ಮನೆಯ ಇಳಿಜಾರು ಛಾವಣಿಯ ಆಕಾರದ, ಸಂತನ ಅವಶೇಷವಿಟ್ಟ ಒಂದು ಕಲ್ಲಿನ ಪೆಟ್ಟಿಗೆಯನ್ನು ಅಲ್ಲಿಗೆ ಒರಗಿಸಿ ಇಡುತ್ತಿದ್ದಿರಬೇಕು, ಆ ಪೆಟ್ಟಿಗೆಯ ತಲೆ ಕೂರಲೆಂದೇ ತ್ರಿಕೋನ ಬಿಟ್ಟಿದ್ದಾರೆ ಎಂದು ವಿದ್ವಾಂಸರು ಊಹಿಸಿದ್ದಾರೆ. ಈ ಊಹೆ ಸಾಧ್ಯವಾದದ್ದೇ ಶಿಲುಬೆ ಬಯಲಿನಲ್ಲಿ, ಅದರ ಬುಡ ನೆಲದಲ್ಲಿ, ಇಗರ್ಜಿಯ ದಿಕ್ಕಿಗೆ ಮುಖಮಾಡಿ ಉಳಿದುಕೊಂಡದ್ದರಿಂದ. ಅದನ್ನು ಡಬ್ಲಿನ್ನಿನ ಸಭಾಂಗಣದ ಪೀಠದ ಮೇಲೆ ನಿಲ್ಲಿಸಿದ್ದರೆ ಆ ಖಾಲಿ ತ್ರಿಕೋನವನ್ನು ಕೆತ್ತುವವನು ಕೆಲಸ ಮುಗಿಸದೆ ಬಿಟ್ಟ ಭಾಗವೆಂದುಕೊಂಡು ಮುಂದೆ ಹೋಗುತ್ತಿದ್ದೆವು.

ನಾನು ಆ ಹೊಲಕ್ಕೆ ಸಂಜೆ ಹೋಗಿದ್ದೆ. ಜೂನ್ ತಿಂಗಳು, ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ. ಇಳಿಬಿಸಿಲು ಹಿಂದಿನ ಮುಖದ ಹೆಣಿಗೆಯ ಮೇಲೆ ಚೆನ್ನಾಗಿ ಬಿದ್ದಿತ್ತು, ಕ್ರಿಸ್ತ ಮಾತ್ರ ನೆರಳಿನಲ್ಲಿದ್ದ. ಅವನನ್ನು ನೋಡಬೇಕಾದರೆ ಬೆಳಗ್ಗೆ ಬರಬೇಕೆಂದು ಆಗ ಹೊಳೆಯಿತು. ಮರುದಿನ ಬೆಳಗ್ಗೆ ಹೋದರೆ ಮಳೆ. ಮೂರನೆಯ ದಿನ ಏಳು ಗಂಟೆಗೆ ಹತ್ತು ನಿಮಿಷ ಮೋಡ ಸರಿದು, ತೋಳುಗಳ ಅಂಚು, ಗಡ್ಡದ ಅಂಚು, ಆ ಎರಡು ಹಗ್ಗಗಳು ಕಂಡವು. ಬೆಳಗಿನ ಪ್ರಾರ್ಥನೆಗೆ ಪೂರ್ವದ ಕಡೆಯಿಂದ ನಡೆದು ಬರುವವನಿಗೆ ಕಾಣಲೆಂದೇ ಅದನ್ನು ಹಾಗೆ ನಿಲ್ಲಿಸಿದ್ದಾರೆಂದು ನಾನು ನಂಬುತ್ತೇನೆ. ಇದಕ್ಕೆ ಆಧಾರ ಕೇಳಿದರೆ ನೆಂದ ಬೂಟು ಬಿಟ್ಟರೆ ನನ್ನಲ್ಲಿ ಬೇರೇನೂ ಇಲ್ಲ.

ಮಳೆಯ ಮಾತು ಬಂದದ್ದರಿಂದ ಎದುರು ವಾದವನ್ನೂ ನ್ಯಾಯವಾಗಿ ಹೇಳಬೇಕು. ಐರ್ಲೆಂಡಿನ ಪಶ್ಚಿಮದ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸುಮಾರು 225 ದಿನ ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ಮಳೆ ಬೀಳುತ್ತದೆ. ಮಳೆಯ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗಿ ಇಳಿಯುತ್ತದೆ, ಸುಣ್ಣಕಲ್ಲು ಅದರಲ್ಲಿ ನಿಧಾನವಾಗಿ ಕರಗುತ್ತದೆ. ಬರೆನ್ನಿನ ಸೀಳುಗಳನ್ನು ಕೊರೆದದ್ದೂ ಇದೇ ನೀರು. ಅಂದರೆ ಶಿಲುಬೆಯನ್ನು ಕೆತ್ತಲು ಕಲ್ಲು ಕೊಟ್ಟ ನೆಲವೇ ಅದನ್ನು ಮರಳಿ ಪಡೆಯುತ್ತಿದೆ. ಮರಳುಗಲ್ಲಿನ ಕತೆ ಇನ್ನೂ ಕಷ್ಟದ್ದು. ಕ್ಯಾಶೆಲ್ ಬಂಡೆಯ ಮೇಲಿರುವ, 1134ರಲ್ಲಿ ಪ್ರತಿಷ್ಠೆಯಾದ ಕಾರ್ಮಕನ ಪ್ರಾರ್ಥನಾಲಯದ ಗೋಡೆಗಳು ನೀರು ಕುಡಿದು ಕುಡಿದು ಒಳಗಿನ ಬಣ್ಣದ ಚಿತ್ರಗಳಿಗೆ ಅಪಾಯ ಬಂದಾಗ, ಇಡೀ ಕಟ್ಟಡದ ಮೇಲೆ ತಾತ್ಕಾಲಿಕ ಸೂರು ಹಾಕಿ ವರ್ಷಗಟ್ಟಲೆ ಒಣಗಿಸಬೇಕಾಯಿತು. ಗಾಲ್ವೇ ಕೌಂಟಿಯ ಕ್ಲಾನ್‌ಫರ್ಟ್ ಎಂಬ ಕೊಂಪೆಯಂಥ ಹಳ್ಳಿಯಲ್ಲಿ, ಆರು ಸುತ್ತಿನ ಕಮಾನು, ಅದರ ಮೇಲೆ ಮನುಷ್ಯರ ತಲೆಗಳನ್ನು ಸಾಲಾಗಿ ಪೇರಿಸಿದ ತ್ರಿಕೋನವಿರುವ 12ನೆಯ ಶತಮಾನದ ಬಾಗಿಲಿದೆ. ಐರ್ಲೆಂಡಿನ ರೋಮನೆಸ್ಕ್ (ದುಂಡು ಕಮಾನಿನ ಹಳೆಯ ಶೈಲಿ) ಕೆತ್ತನೆಯಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಾನು ಕಂಡಿಲ್ಲ. ಒಳಗೆ ಕಮಾನಿನ ಮೇಲೆ ಬಾಚಣಿಗೆ, ಕನ್ನಡಿ ಹಿಡಿದ ಒಬ್ಬ ಮತ್ಸ್ಯಕನ್ಯೆ ಬೇರೆ ಇದ್ದಾಳೆ, ಆಕೆಯನ್ನು ಹಿಂದಿನವರು ಮುಟ್ಟಿ ಮುಟ್ಟಿ ನಯವಾಗಿಸಿದ್ದಾರೆ. ಆ ಬಾಗಿಲಿನ ಕಂದು ಮರಳುಗಲ್ಲು ಪದರ ಪದರವಾಗಿ ಏಳುತ್ತಿರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಆದ್ದರಿಂದ ಕಲ್ಲನ್ನು ಮಳೆಗೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ.

ನಾನು ಹೇಳುವುದು ಇಷ್ಟು: ಸೂರು ಬೇಕಾದರೆ ಸೂರನ್ನು ಕಲ್ಲಿನ ಬಳಿಗೆ ತನ್ನಿ, ಕಲ್ಲನ್ನು ಸೂರಿನ ಬಳಿಗೆ ಒಯ್ಯಬೇಡಿ. ಕಿಲ್‌ಫೆನೋರಾದವರು ಈ ಶತಮಾನದ ಆರಂಭದಲ್ಲಿ ಮಾಡಿದ್ದು ಅದನ್ನೇ. ಇಗರ್ಜಿಯ ಉತ್ತರ ಪಕ್ಕದಲ್ಲಿ ಛಾವಣಿ ಕಳೆದುಕೊಂಡು ನಿಂತಿದ್ದ ಹಳೆಯ ಭಾಗಕ್ಕೆ ಗಾಜು ಹೊದಿಸಿ, ಡೂರ್ಟಿ ಶಿಲುಬೆಯನ್ನೂ ಅದರ ಸಂಗಾತಿ ಕಲ್ಲುಗಳನ್ನೂ ಸ್ಮಶಾನದಿಂದ ಹತ್ತಾರು ಹೆಜ್ಜೆ ಈಚೆಗೆ ತಂದು ನಿಲ್ಲಿಸಿದರು. ಮೊದಲ ಭೇಟಿಯಲ್ಲಿ ಬಸ್ ನಿಲ್ದಾಣದಂತಿದೆ ಎಂದು ನಾನೇ ಗೊಣಗಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಗಾಜು ಕುರೂಪವೇ ಹೌದು, ಮಧ್ಯಾಹ್ನದ ಬೆಳಕನ್ನು ಅದು ಕೆಡಿಸುತ್ತದೆ, ಎಲ್ಲವೂ ನಿಜ. ಆದರೆ ಶಿಲುಬೆ ತನ್ನ ಊರಿನಲ್ಲಿ, ತನ್ನ ಇಗರ್ಜಿಯ ಗೋಡೆಗಳ ಒಳಗಿದೆ. ಹೊರಗೆ ಕಾಲಿಟ್ಟರೆ ಅದು ಗೋರಿಯ ಮೇಲೆ ಮಲಗಿದ್ದ ಅಂಗಳ, ಅದರಾಚೆ ಹೊಲದ ಶಿಲುಬೆ. ಎಲ್ಲವನ್ನೂ ನಡೆದು ನೋಡಬಹುದು.

ಪ್ರತಿಕೃತಿ ಇಟ್ಟು ಮೂಲವನ್ನು ಒಳಗೊಯ್ಯುವ ಇನ್ನೊಂದು ದಾರಿಯೂ ಇದೆ. ಶಾನನ್ ದಂಡೆಯ ಕ್ಲಾನ್‌ಮಕ್ನಾಯ್ಸ್ ಮಠದಲ್ಲಿ ಮೂಲ ಶಿಲುಬೆಗಳು ಅಲ್ಲಿಯೇ ಇರುವ ಸಂದರ್ಶಕರ ಕೇಂದ್ರದೊಳಗಿವೆ, ಹೊರಗೆ ಅವುಗಳ ಜಾಗದಲ್ಲಿ ಅಚ್ಚುಗಳಿವೆ. ನೂರಾರು ಜನ ದಿನವೂ ಬರುವ ಕಡೆ ಅದು ಅನಿವಾರ್ಯವಿರಬಹುದು. ಕಿಲ್‌ಫೆನೋರಾದಿಂದ ಹೆಚ್ಚು ದೂರವಿಲ್ಲದ ಕಿಲ್‌ನಬಾಯ್‌ನಲ್ಲಿ, ರಫನ್ ಗುಡ್ಡದ ಮೇಲೆ ಹೊಲದ ಬೇಲಿಯ ನಡುವೆ ಟಿ ಆಕಾರದ ಒಂದು ಶಿಲುಬೆಯಿತ್ತು. ಅದರ ಎರಡು ತೋಳುಗಳ ಮೇಲೆ ಒಂದೊಂದು ಮುಖ, ಎರಡೂ ಆಕಾಶ ನೋಡುತ್ತ ಮಲಗಿದಂತೆ. ಈಗ ಮೂಲ ಕಾರೊಫಿನ್ ಪಟ್ಟಣದ ಪರಂಪರೆ ಕೇಂದ್ರದಲ್ಲಿದೆ, ಗುಡ್ಡದ ಮೇಲಿರುವುದು ನಕಲು. ನಕಲಿನ ಎದುರು ನಿಂತಾಗ ಮೂಲದ ಮುಖಗಳು ಏಕೆ ಮೇಲೆ ನೋಡುತ್ತಿವೆಯೆಂದು ಅರ್ಥವಾಯಿತು, ಏಕೆಂದರೆ ಅಲ್ಲಿ ನೋಡಲು ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಹಾಗಿದ್ದರೂ ಕೈ ಕಟ್ಟಿ ನಿಂತ ನನಗೆ ಏನೋ ಒಂದು ಬಗೆಯ ಮುಜುಗರ ಹೋಗಲಿಲ್ಲ.

ಅದೇ ಕಿಲ್‌ನಬಾಯ್‌ನ ಪಾಳು ಇಗರ್ಜಿಯ ದಕ್ಷಿಣದ ಬಾಗಿಲ ಮೇಲೆ ಶೀಲಾ ನ ಗಿಗ್ ಎಂದು ಕರೆಯುವ ನಗ್ನ ಸ್ತ್ರೀಯ ಕೆತ್ತನೆಯಿದೆ. ದೃಷ್ಟಿ ತಗುಲದಿರಲಿ ಎಂದು ಇಟ್ಟದ್ದೆಂದು ಕೆಲವರು, ಕಾಮದ ವಿರುದ್ಧ ಎಚ್ಚರಿಕೆ ಎಂದು ಇನ್ನು ಕೆಲವರು. ಪಶ್ಚಿಮದ ಗೋಡೆಯಲ್ಲಿ ಇಟ್ಟ ಕಲ್ಲುಗಳನ್ನೇ ಮುಂದಕ್ಕೆ ಚಾಚಿ ಎರಡು ಅಡ್ಡಪಟ್ಟಿಯ ದೊಡ್ಡ ಶಿಲುಬೆಯೊಂದನ್ನು ಮೂಡಿಸಿದ್ದಾರೆ, ರಸ್ತೆಯಿಂದಲೇ ಕಾಣುತ್ತದೆ. ಇನ್ನೂ ಸ್ವಲ್ಪ ಮುಂದೆ ಡೈಸರ್ಟ್ ಓಡೇ. ಏಕಾಂತದ ತಪಸ್ಸಿನ ಜಾಗ ಎಂಬ ಅರ್ಥದ ಹೆಸರು. ಹೆಸರಿಗೆ ತಕ್ಕಂತೆ ನಾವು ಅಲ್ಲಿದ್ದ ಎರಡು ಗಂಟೆಯಲ್ಲಿ ಬೇರೆ ಯಾರೂ ಬರಲಿಲ್ಲ. ದಕ್ಷಿಣದ ಗೋಡೆಯ ಬಾಗಿಲ ಕಮಾನಿನ ಮೇಲೆ ಹತ್ತೊಂಬತ್ತು ತಲೆಗಳಿವೆ, ಹನ್ನೆರಡು ಮನುಷ್ಯರವು, ಏಳು ಪ್ರಾಣಿಗಳವು. ಒಬ್ಬನ ಮೀಸೆ ಜೋತುಬಿದ್ದಿದೆ, ಒಬ್ಬ ಕೋಪದಲ್ಲಿದ್ದಾನೆ, ಒಬ್ಬನಿಗೆ ನಿದ್ದೆ ಬಂದಂತಿದೆ. ಕಲ್ಲುಗಳು ಒಂದಕ್ಕೊಂದು ಸರಿಯಾಗಿ ಹೊಂದದಿರುವುದನ್ನು ನೋಡಿ, ಬಾಗಿಲು ಮೊದಲು ಬೇರೆಡೆ ಇದ್ದು ಆಮೇಲೆ ಇಲ್ಲಿ ಮತ್ತೆ ಜೋಡಿಸಿದ್ದೆಂದು ಹೇಳುತ್ತಾರೆ. ಆಚೆ ಹೊಲದಲ್ಲಿ ನಿಂತ ಶಿಲುಬೆಯಲ್ಲಿ ಮೇಲೆ ಕ್ರಿಸ್ತ, ಕೆಳಗೆ ಬಿಷಪ್. ಅದು ಬಿದ್ದಾಗ 1683ರಲ್ಲಿ ಮೈಕೇಲ್ ಓಡೇ ಎಂಬಾತ ಎತ್ತಿ ನಿಲ್ಲಿಸಿದ. ಮತ್ತೆ 1871ರಲ್ಲಿ ಸಿಂಗ್ (Synge) ಮನೆತನದವರು ಜೋಡಿಸಿದರು. ಇವರಾರೂ ಅದನ್ನು ತಮ್ಮ ಅಂಗಳಕ್ಕೆ ಸಾಗಿಸಲಿಲ್ಲ, ಬಿದ್ದಲ್ಲಿಯೇ ನಿಲ್ಲಿಸಿದರು ಎಂಬುದನ್ನು ಗಮನಿಸಬೇಕು.

ಒಂದು ದೂರು ಪ್ರವಾಸಿಗಳ ಮೇಲೂ ಇದೆ. ಅಕ್ಷರ, ಆಕಾರ ಸ್ಪಷ್ಟವಾಗಿ ಫೋಟೋದಲ್ಲಿ ಬರಲಿ ಎಂದು ಸೀಮೆಸುಣ್ಣ ತಿಕ್ಕಿದ ಗುರುತುಗಳನ್ನು, ಕಲ್ಲುಹೂವನ್ನು ಚಾಕುವಿನಿಂದ ಕೆರೆದ ಗೀರುಗಳನ್ನು ನಾನು ಎರಡು ಕಡೆ ಕಂಡೆ. ಕಲ್ಲುಹೂವಿನ ಜೊತೆ ಕಲ್ಲಿನ ಮೇಲ್ಪದರವೂ ಎದ್ದು ಬರುತ್ತದೆ, ಅದರ ಜೊತೆ ಕೆತ್ತನೆಯೂ. ಅಡ್ಡ ಹಿಡಿದ ಒಂದು ದೀಪ ಸೀಮೆಸುಣ್ಣಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು ಮೇಲೆಯೇ ಬರೆದಿದ್ದೇನೆ. ಮುಂದಿನ ಸಲ ನಿಮ್ಮ ಪ್ರವಾಸ ಪುಟದಲ್ಲಿ ಇಂಥ ಊರುಗಳ ವಿಷಯ ಬಂದಾಗ ಆ ಒಂದು ಸೂಚನೆಯನ್ನು ಸೇರಿಸಿದರೆ, ನಾಲ್ಕು ಹೋಟೆಲುಗಳ ಹೆಸರಿಗಿಂತ ಅದು ಹೆಚ್ಚು ಉಪಕಾರವಾದೀತು.

ಅಡಿಬರಹವನ್ನು ‘ಡೂರ್ಟಿ ಶಿಲುಬೆ, 12ನೆಯ ಶತಮಾನ, ಕಿಲ್‌ಫೆನೋರಾ’ ಎಂದು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅದರ ಜೊತೆಗೆ ಸ್ಥಳವಿದ್ದರೆ, ಇಗರ್ಜಿಯ ಪಶ್ಚಿಮಕ್ಕೆ ಹೊಲದಲ್ಲಿ ಇನ್ನೊಂದು ಶಿಲುಬೆಯಿದೆ, ಬೆಳಗ್ಗೆ ಹೋಗಿ ನೋಡಿ ಎಂಬ ಒಂದು ವಾಕ್ಯ. ಹೊಲದಲ್ಲಿ ದನಗಳಿರುತ್ತವೆ, ಒಳಗೆ ಹೋದವರು ಗೇಟಿನ ಚಿಲಕವನ್ನು ಮರೆಯದೆ ಹಾಕಿಕೊಂಡು ಬರಬೇಕು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ